ರೇವಣಸಿದ್ದಯ್ಯನವರ ಐದು ಉಂಗುರ

ಲಗ್ಗೆರೆಯಲ್ಲಿ ಲೇತ್ ಯಂತ್ರದ ಮೇಲೆ ಕಬ್ಬಿಣ ಕಡೆಯುವ ಟರ್ನರ್ ರೇವಣಸಿದ್ದಯ್ಯನವರ ಬಾಯಲ್ಲಿ ಸದಾ ಒಂದೇ ಮಾತು: ಮೂವತ್ತೆಂಟು ವರ್ಷದಲ್ಲಿ ತಮ್ಮ ಲೇತಿನಿಂದ ಹೋದ ಒಂದು ಪೀಸೂ ವಾಪಸ್ ಬಂದಿಲ್ಲ. ಕೇಳಿ ಕೇಳಿ ಬೀದಿಯವರಿಗೆ ಸಾಕುಸಾಕಾಗಿತ್ತು. ಆದರೆ ಮಾತು ಸುಳ್ಳೇನಲ್ಲ.

ಆರ್‌ಪಿಸಿ ಲೇಔಟಿನ ಜಗದಾಂಬಾ ರೇವಣಸಿದ್ದಯ್ಯನವರ ಹತ್ತಿರ ಬಂದದ್ದೂ ಅದನ್ನು ನಂಬಿಯೇ. ಮಕ್ಕಳನ್ನು ಶಾಲೆಗೆ ಬಿಡುವ ಹಳೇ ವ್ಯಾನೇ ಆಕೆಯ ಅನ್ನ. ರಜೆಯಲ್ಲಿ ಅದರ ಎಂಜಿನ್ ಒಳಗೆ ತಿರುಗುವ ದಂಡ, ಕ್ರ್ಯಾಂಕ್, ಮುರಿದಿತ್ತು. ಆ ಮಾಡಲ್ ನಿಂತು ಯಾವ ಕಾಲವಾಯಿತೋ! ಗುಜರಿಯಲ್ಲಿ ಸಿಕ್ಕಿದ್ದು ಬೇರೆ ಎಂಜಿನ್ನಿನ ಕ್ರ್ಯಾಂಕ್. ಬೇರಿಂಗ್ ಕೂರುವ ಜಾಗದಲ್ಲಿ ತುಸು ಸಣ್ಣ, ಹಾಗೇ ಇಟ್ಟರೆ ಲೊಡಲೊಡ. ಸಂದು ತುಂಬಲು ಐದು ಸ್ಪೇಸರ್ ಉಂಗುರ ಕಡೆಯಬೇಕಿತ್ತು. ಒಂದೊಂದೂ ಎರಡು ಹೋಳು. ಮೇಲಿನ ಹೋಳಿಗೆ ಎಣ್ಣೆ ಇಳಿಯುವ ತೂತು ಇರಲೇಬೇಕು. ಇಲ್ಲದಿದ್ದರೆ ಎಂಜಿನ್ ನಡುರಸ್ತೆಯಲ್ಲಿ ಜಾಮ್. ಮುಂದಿನ ಸೋಮವಾರ ಶಾಲೆ ಶುರು. ಅವತ್ತು ವ್ಯಾನ್ ಬರದಿದ್ದರೆ ಹದಿನಾಲ್ಕು ಮನೆಯವರು ಬೇರೆಯವರನ್ನು ನೋಡಿಕೊಳ್ಳುತ್ತಾರೆ.

ರೇವಣಸಿದ್ದಯ್ಯನವರದು ಒಂದು ಅಭ್ಯಾಸ. ತೂತು ಕೊರೆದ ಹೋಳಿಗೆ ಬೆರಳಲ್ಲಿ ಚೂರು ವಿಭೂತಿ ಹಚ್ಚಿ ಪಕ್ಕಕ್ಕಿಡುವರು. ಅದೇ ಗುರುತು. ನಾಲ್ಕು ಕೊರೆಯುವ ಹೊತ್ತಿಗೆ ಕರೆಂಟ್ ಹೋಯಿತು. ಅವರು ಟೀ ಕುಡಿಯಲು ಹೋದಾಗ, ಬುತ್ತಿ ತಂದ ಹೆಂಡತಿ ಶಿವಗಂಗಮ್ಮ ಬೇರೆಯಾಗಿ ಇಟ್ಟಿದ್ದ ಐದು ಮೇಲಿನ ಹೋಳುಗಳನ್ನು ನೋಡಿದರು. ಗುರುತಿನ ವಿಷಯ ಅವರಿಗೆ ಗೊತ್ತಿಲ್ಲ. ಅವತ್ತು ಶಿವನ ವಾರ, ಸೋಮವಾರ ಬೇರೆ. ಒಂದನ್ನು ಮಾತ್ರ ಯಾಕೆ ಬಿಟ್ಟಿದ್ದಾರೋ ಪಾಪ ಎಂದು ಅದಕ್ಕೂ ಭಕ್ತಿಯಿಂದ ಹಚ್ಚಿಟ್ಟು ಹೋದರು. ಗಂಡ ಬಂದು ನೋಡಿದರೆ ಐದಕ್ಕೂ ವಿಭೂತಿ! ಐದನ್ನೂ ಆಗಲೇ ಕೊರೆದಿದ್ದೇನೆ, ವಯಸ್ಸಾಯಿತು, ಮರೆವು ಎಂದುಕೊಂಡರು. ಐದನ್ನೂ ತೊಳೆದು, ಭಾನುವಾರ, ವ್ಯಾನ್ ಬಿಚ್ಚಿಟ್ಟಿದ್ದ ಅಮೀನಪ್ಪನ ಗ್ಯಾರೇಜಿನಲ್ಲಿ ತಾವೇ ಜೋಡಿಸಿ ಬಂದರು.

ಶಾಲೆ ಶುರುವಾಗುವ ಸೋಮವಾರ ಬೆಳಿಗ್ಗೆ ಉಪ್ಪಿಟ್ಟು ಬಡಿಸುತ್ತಾ ಶಿವಗಂಗಮ್ಮ, ವ್ಯಾನಿಗೇನೂ ಆಗಲ್ಲ ಬಿಡಿ, ನೀವು ಬಿಟ್ಟಿದ್ದ ಆ ಒಂದಕ್ಕೂ ನಾನೇ ವಿಭೂತಿ ಹಚ್ಚಿದೆ ಎಂದರು. ರೇವಣಸಿದ್ದಯ್ಯ ತಟ್ಟೆ ಪಕ್ಕಕ್ಕೆ ಸರಿಸಿದರು. ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತದೆ, ಗುಜರಿ ಕ್ರ್ಯಾಂಕಿನ ತಲೆಗೆ ಕಟ್ಟಬಹುದು ಎಂದು ಒಂದು ಗಳಿಗೆ ಮನಸ್ಸು ಹೇಳಿದ್ದೂ ನಿಜ. ಥೂ, ಹತ್ತುವುದು ಮಕ್ಕಳಲ್ಲವೇ! ಕೈ ತೊಳೆಯದೆ ಆಟೋ ಹತ್ತಿದರು. ದಿಕ್ಕು ತೋಚದೆ ಹೆಂಡತಿಯೂ ಹತ್ತಿದರು.

ಗ್ಯಾರೇಜಿನಲ್ಲಿ ಜಗದಾಂಬಾ ಸೀಟಿನಲ್ಲಿ ಕೂತು ಕೀಲಿ ತಿರುಗಿಸುವುದರಲ್ಲಿದ್ದರು. ರೇವಣಸಿದ್ದಯ್ಯ ಆ ಕೈ ಹಿಡಿದೇ ಬಿಟ್ಟರು. ಬಿಚ್ಚಿ ನೋಡಿದರೆ, ಐದನೆಯದಕ್ಕೆ ತೂತಿಲ್ಲ.

ಇದು ಹೇಗಾಯಿತು ಎಂದು ಅಮೀನಪ್ಪ ಕೇಳಿದ. ಆಟೋದಲ್ಲೇ ವಿಷಯ ತಿಳಿದಿದ್ದ ಶಿವಗಂಗಮ್ಮ ಸೆರಗನ್ನು ಮುದ್ದೆ ಮಾಡಿ ಹಿಡಿದು ನಿಂತಿದ್ದರು.

"ನನ್ನ ತಪ್ಪು. ಎರಡು ದಿನ ಟೈಮ್ ಕೊಡಮ್ಮ," ಎಂದರು ರೇವಣಸಿದ್ದಯ್ಯ.

ಜಗದಾಂಬಾ ಬೈಯಲಿಲ್ಲ. ಕಣ್ಣೊರೆಸಿಕೊಂಡು ಒಂದೊಂದೇ ಮನೆಗೆ ಫೋನ್ ಮಾಡತೊಡಗಿದರು. ಬುಧವಾರ ವ್ಯಾನ್ ಹೊರಟಿತು. ಅಷ್ಟರಲ್ಲಿ ಮೂರು ಮನೆ ಕೈಬಿಟ್ಟಿದ್ದವು. ಪೀಸು ವಾಪಸ್ ಬಂದ ಸುದ್ದಿ ಲಗ್ಗೆರೆಯಲ್ಲೆಲ್ಲಾ ಹಬ್ಬಿತ್ತು.

ನನ್ನ ಹೆಸರು ಹೇಳಿದ್ದರೆ ನಿಮ್ಮ ಮರ್ಯಾದೆ ಉಳಿಯುತ್ತಿತ್ತಲ್ಲ ಎಂದು ಶಿವಗಂಗಮ್ಮ ಅತ್ತೇಬಿಟ್ಟರು.

"ನಿಂದೇನೇ ತಪ್ಪು? ನೀನು ಒಳ್ಳೇದಾಗ್ಲಿ ಅಂತ ಮಾಡ್ದೆ. ಕಣ್ಣಿಟ್ಟು ನೋಡ್ದೆ ಜೋಡಿಸ್ದೋನು ನಾನು ಕಣೇ."