ಕವಿತೆ ವಾಪಸು ಕೊಡಲು ಬರುತ್ತಿದ್ದವರು

ಕೆಟ್ಟ ಕವಿತೆ ಬರೆಯುವುದು ಜನ ತಿಳಿದುಕೊಂಡಷ್ಟು ಸುಲಭವಲ್ಲ. ಎಪ್ಪತ್ತರ ದಶಕದಲ್ಲಿ, ರಾಮದುರ್ಗದ ಒಂದು ನೇಕಾರರ ಮನೆಗೆ ಹೊಸ ಸೊಸೆಯಾಗಿ ಬಂದಾಗ, ಅದನ್ನು ಶ್ರದ್ಧೆಯಿಂದ ಕಲಿತವಳು ನಾನು. ಯಾಕೆ ಕಲಿತೆ ಎಂದು ಹೇಳಬೇಕಾದರೆ ಮೊದಲು ನಮ್ಮ ಪತ್ರಿಕೆಯ ಸುದ್ದಿ ಹೇಳಬೇಕು.

ಬೈಲಹೊಂಗಲದಲ್ಲಿ ಕಾಲೇಜು ಓದುವಾಗ ನಾವು ನಾಲ್ವರು ಸೇರಿ ಒಂದು ಸಾಹಿತ್ಯ ಪತ್ರಿಕೆ ನಡೆಸುತ್ತಿದ್ದೆವು. ಮುಖಪುಟದ ಮೇಲೆ ತ್ರೈಮಾಸಿಕ ಎಂದು ಅಚ್ಚಾಗುತ್ತಿತ್ತು. ಹೊರಬರುತ್ತಿದ್ದದ್ದು ಮಾತ್ರ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆಗಳ ಗದ್ದಲ ಮುಗಿದ ಮೇಲೆ. ಒಬ್ಬ ಕಿತ್ತೂರಿನವನು, ಒಬ್ಬ ಸವದತ್ತಿಯವನು, ಒಬ್ಬ ಚಚಡಿಯವನು, ಊರವಳು ನಾನು. ಅವರನ್ನು ಊರ ಹೆಸರಿನಿಂದಲೇ ಕರೆಯುವುದು ರೂಢಿಯಾಗಿತ್ತು. ಕಿತ್ತೂರಿಗೆ ಬಾಯಿ ಜೋರು, ಸವದತ್ತಿಗೆ ಹಸಿವು ಜೋರು. ಚಚಡಿ ಮಾತ್ರ ಗಂಭೀರ. ಒಂದು ಕವಿತೆಯನ್ನು ಒಪ್ಪಿದೆ ಅನ್ನಲು ಅವನಿಗೆ ಅರ್ಧ ದಿನ ಬೇಕು. ಸಭೆ ಸೇರುತ್ತಿದ್ದದ್ದು ನಮ್ಮ ಮನೆಯ ಪಡಸಾಲೆಯಲ್ಲಿ. ಹುಡುಗಿ ಹೊರಗೆಲ್ಲೋ ಹೋಗಿ ಹುಡುಗರ ಜೊತೆ ಕೂರುವುದಕ್ಕಿಂತ ಅವರೇ ಕಣ್ಣೆದುರಿಗೆ ಬಂದು ಕೂರಲಿ ಎಂಬುದು ನಮ್ಮಪ್ಪನ ವಿಚಾರ. ಅವ್ವ ಒಳಗಿನಿಂದ ಚಹಾ ಕಳಿಸುತ್ತಿದ್ದಳು. ಜಗಳ ಜೋರಾದರೆ ಚುರುಮುರಿಯೂ ಬರುತ್ತಿತ್ತು.

ನಮಗೆ ಎರಡು ನಿಯಮಗಳಿದ್ದವು. ಒಬ್ಬರು ಬೇಡವೆಂದರೂ ಆ ಬರಹ ಅಚ್ಚಾಗುವಂತಿಲ್ಲ. ಎರಡನೆಯದು, ಒಪ್ಪಿಗೆಯಾದರೆ ಬರೆದವರಿಗೆ ಒಂದು ಕಾರ್ಡು ಹಾಕುವುದು. ಒಪ್ಪಿಗೆಯಾಗದಿದ್ದರೆ ಅಂಚೆಯಲ್ಲಿ ಕಳಿಸದೆ ಅವರ ಊರಿಗೇ ಹೋಗಿ, ಎದುರಿಗೆ ಕೂತು, ಕಾರಣ ಹೇಳಿ, ಕೈಯಲ್ಲಿ ಕೊಟ್ಟು ಬರುವುದು. ಈ ಎರಡನೆಯದು ನನ್ನ ಹಟದಿಂದ ಬಂದದ್ದು. ದೊಡ್ಡ ಊರಿನ ಪತ್ರಿಕೆಯೊಂದು ನನ್ನ ಕವಿತೆಯನ್ನು ಒಂದು ಅಕ್ಷರವನ್ನೂ ಬರೆಯದೆ ಲಕೋಟೆಯಲ್ಲಿ ತುರುಕಿ ತಿರುಗಿ ಕಳಿಸಿತ್ತು. ಬೈಸಿಕೊಂಡಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ.

ಹೀಗಾಗಿ ಹುಡುಗರು ಬಸ್ಸು, ಸೈಕಲ್ಲು, ಸಿಕ್ಕಿದ ಚಕ್ಕಡಿ ಹತ್ತಿ ಕವಿತೆ ವಾಪಸು ಕೊಡಲು ಊರೂರು ಅಲೆಯುತ್ತಿದ್ದರು. ಸಿರಸಂಗಿಯ ರೈತನೊಬ್ಬ ಹೊಲದ ಬದುವಿನ ಮೇಲೆ ಕೂತು ತನ್ನ ಕವಿತೆಯ ದೋಷಗಳನ್ನೆಲ್ಲ ಕೇಳಿ, "ಖರೇ ಐತಿ ಬಿಡ್ರಿ" ಎಂದು, ಹಸಿ ಕಡಲೆಯ ಗಿಡಗಳನ್ನು ಕಟ್ಟಿ ಕೊಟ್ಟಿದ್ದ. ಮನೋಳಿಯಲ್ಲಿ ಒಬ್ಬರ ಮನೆಯಲ್ಲಿ ಊಟ ಎಷ್ಟು ಚೆನ್ನಾಗಿತ್ತೆಂದರೆ ಸವದತ್ತಿ ಅಲ್ಲೇ ಮನಸ್ಸು ಬದಲಿಸಿ ಕವಿತೆಯನ್ನು ಜೇಬಿನಲ್ಲಿಟ್ಟುಕೊಂಡು ಬಂದುಬಿಟ್ಟ. ಚಚಡಿ ಅವನನ್ನು ಮರುದಿನದ ಬಸ್ಸಿಗೇ ತಿರುಗಿ ಕಳಿಸಿದ.

ಅಷ್ಟರಲ್ಲಿ ನನ್ನ ಮದುವೆಯಾಯಿತು. ರಾಮದುರ್ಗದ ಆ ಮನೆಯಲ್ಲಿ ನನಗೆ ಯಾವ ಕಷ್ಟವೂ ಇರಲಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಗಂಡ ಮಿತಭಾಷಿ, ಒಳ್ಳೆಯವರು. ಹೊತ್ತು ಹುಟ್ಟಿದರೆ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂರುವರು. ಅತ್ತೆ ವಿಧವೆ. ಪಡಸಾಲೆಯಲ್ಲಿ ರಾಟೆ ಹಾಕಿಕೊಂಡು ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತುವರು. ಅವರ ಎದುರಿಗೆ ನನ್ನದು ಇನ್ನೊಂದು ರಾಟೆ. ಲಾಳಿಯ ಸದ್ದು, ರಾಟೆಯ ಸದ್ದು. ರೊಟ್ಟಿ ಬಡಿಯಬೇಕೇ, ನೀರು ಬಂತೇ, ಅಷ್ಟು ಬಿಟ್ಟರೆ ಮಾತಿಲ್ಲ. ವಾರಕ್ಕೊಮ್ಮೆಯಾದರೂ ಗಂಟಲು ಹರಿಯುವ ಹಾಗೆ ಜಗಳಾಡುತ್ತಿದ್ದವಳಿಗೆ ಬಾಯಿಗೆ ಬೀಗ ಹಾಕಿದಂತಾಯಿತು. ಪತ್ರಿಕೆಯ ಒಳಪುಟದಲ್ಲಿ ಸಂಪಾದಕರ ಸಾಲಿನಲ್ಲಿ ನನ್ನ ಹೆಸರು ಹಾಗೇ ಇತ್ತು. ಆದರೆ ಹೆಸರಿಗೆ ಬಾಯಿ ಎಲ್ಲಿಂದ ಬರಬೇಕು?

ಒಂದು ಕವಿತೆ ಬರೆದು ಕಳಿಸಿದೆ. ಕಾರ್ಡು ಬಂತು: ಒಪ್ಪಿದ್ದೇವೆ, ಮುಂದಿನ ಸಂಚಿಕೆಗೆ. ಅಷ್ಟೇ. ಸಂತೋಷವಾಗಬೇಕಿತ್ತು, ಆ ದಿನ ಊಟ ಸೇರಲಿಲ್ಲ. ಇನ್ನೊಂದು ಕಳಿಸಿದೆ. ಅದು ಅವರಿಗೆ ಹಿಡಿಸಲಿಲ್ಲ. ಒಂದು ಭಾನುವಾರ ಯರಗಟ್ಟಿಯಲ್ಲಿ ಬಸ್ಸು ಬದಲಿಸಿ, ಮೈಯೆಲ್ಲ ಧೂಳು ಮಾಡಿಕೊಂಡು, ಮೂವರೂ ಬಾಗಿಲಲ್ಲಿ ನಿಂತಿದ್ದರು!

"ಬರ್ರೆಪಾ, ಒಳಗ ಬರ್ರಿ" ಎಂದರು ಅತ್ತೆ, ಗಾಬರಿಯಲ್ಲೇ. ತವರಿನಿಂದ ಏನೋ ಕೆಟ್ಟ ಸುದ್ದಿ ತಂದಿದ್ದಾರೆಂದು ಅವರ ಎಣಿಕೆ.

"ಏನಿಲ್ರಿ ಅವ್ವಾರ. ನಿಮ್ಮ ಸೊಸಿ ಬರದದ್ದು ಚಲೋ ಆಗಿಲ್ಲ. ಅದನ್ನ ಹೇಳಿ ಹೋಗೂಣು ಅಂತ ಬಂದೇವ್ರಿ" ಎಂದ ಕಿತ್ತೂರು.

ಅತ್ತೆ ನನ್ನ ಮುಖ ನೋಡಿದರು. ಚಲೋ ಆಗಿಲ್ಲ ಎಂಬ ಮಾತು ಕೇಳಿ ನಾನು ನಗುತ್ತಿದ್ದೆ. ಆಮೇಲೆ ಬಿಸಿಲು ಇಳಿಯುವವರೆಗೆ ಆ ಮನೆಯಲ್ಲಿ ನಡೆದ ಜಗಳ! ಒಂದೊಂದು ಸಾಲಿಗೂ ನಾನು ಹಲ್ಲು ಕಚ್ಚಿ ಹೋರಾಡಿದೆ. ಗಂಡ ಮಗ್ಗ ನಿಲ್ಲಿಸಿ ಎದ್ದು ಬಂದು ಗೋಡೆಗೆ ಆತು ಕೂತರು. ಅತ್ತೆ ರಾಟೆ ಬಿಡಲಿಲ್ಲ, ಆದರೆ ಬೇಗ ಬೇಗ ತಿರುಗಿಸಲೂ ಇಲ್ಲ.

ಆ ಸಂಜೆಯೇ ನನಗೆ ದಾರಿ ತಿಳಿಯಿತು. ಚೆನ್ನಾಗಿ ಬರೆದರೆ ಕಾರ್ಡು ಬರುತ್ತದೆ, ಕೆಟ್ಟದಾಗಿ ಬರೆದರೆ ಗೆಳೆಯರು ಬರುತ್ತಾರೆ. ಇನ್ನು ಯಾವುದನ್ನು ಬರೆಯಬೇಕೆಂದು ಯೋಚಿಸುವ ಪ್ರಶ್ನೆಯೇ ಇರಲಿಲ್ಲ. ಚಂದಿರನನ್ನು ಕರೆದೆ, ದುಂಬಿಯನ್ನು ಕರೆದೆ, ಸಾಲಿಗೊಂದು 'ಓ' ಹಾಕಿದೆ. ಅವರು ಬಂದರು, ಮತ್ತೆ ಬಂದರು. ಓಣಿಯಲ್ಲಿ ಯಾರೋ ಹುಬ್ಬೇರಿಸಿದಾಗ ಅತ್ತೆ "ನನ್ನ ಸೊಸಿಗೆ ಅಣ್ಣಾರಾಗಬೇಕು, ಏನೀಗ?" ಎಂದು ಅವರ ಬಾಯಿ ಮುಚ್ಚಿಸಿದರಂತೆ. ಪಾಪ, ಕಿತ್ತೂರಿಗೆ ನನ್ನ ಬಗ್ಗೆ ಚಿಂತೆ ಹತ್ತಿತ್ತು. "ನಮ್ಮೊಳಗ ಚಲೋ ಬರಿಯಾಕಿ ನೀನ ಇದ್ದಿ. ಏನಾತು ನಿನಗ?" ಎಂದು ಕೇಳಿದಾಗ ನಾನು ತಲೆ ತಗ್ಗಿಸಿ ರೊಟ್ಟಿಯ ಜೊತೆಗೆ ಶೇಂಗಾ ಹಿಂಡಿ ಬಡಿಸಿದೆ.

ಒಮ್ಮೆ ಅವಸರದಲ್ಲಿ, ಅಳುಬುರುಕ ಕವಿತೆಯೊಂದನ್ನು ಗೀಚಿ ಕಳಿಸಿದೆ. ದಿನವಿಡೀ ನೂಲು ಸುತ್ತುವ ಹೆಣ್ಣು, ಖಾಲಿ ಮನೆ, ಮಾತಾಡಲು ಯಾರೂ ಇಲ್ಲ, ನೂಲಿನೊಂದಿಗೇ ಮಾತು. ಚಚಡಿಗೆ ಅಳು ಎಂದರೆ ಆಗದು. ಇದಕ್ಕಂತೂ ಖಂಡಿತ ಬರುತ್ತಾರೆಂದು ಅಕ್ಕಿ ಆರಿಸಿ ಇಟ್ಟುಕೊಂಡೆ. ಬಂದದ್ದು ಕಾರ್ಡು. ಮೂವರೂ ಜಗಳವಿಲ್ಲದೆ ಒಪ್ಪಿದ್ದರು, ಚಚಡಿಯಂತೂ ಓದಿದ ತಕ್ಷಣ! ಹಿತ್ತಲಿಗೆ ಹೋಗಿ ಬಾವಿಯ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ. ಈಗ ಅವರು ಬರುವುದಿಲ್ಲ ಎಂಬ ಒಂದೇ ದುಃಖ.

ಅತ್ತೆಯವರು ಹುಡುಕಿಕೊಂಡು ಬಂದರು. "ಯಾಕವಾ, ಅಳಾಕ ಹತ್ತಿಯಲ್ಲ? ಯಾರೇನಂದ್ರು?"

ಹೇಳಿಬಿಟ್ಟೆ. ಪತ್ರಿಕೆಯ ಎರಡೂ ನಿಯಮಗಳು, ಬೇಕೆಂದೇ ಕೆಡಿಸಿದ ಕವಿತೆಗಳು, ಎಲ್ಲ. ಅವರು ಮೊದಲು ಬಾಯಿಗೆ ಸೆರಗು ಹಿಡಿದು ನಕ್ಕರು. ಆಮೇಲೆ ಒಳಗೆ ಕರೆದುಕೊಂಡು ಹೋಗಿ ಮಗನಿಗೆ, "ಅದೇನ ಬರದಾಳೋ ಓದಪಾ, ಕೇಳೂಣು" ಎಂದರು. ನನ್ನ ಬಳಿ ಉಳಿದಿದ್ದ ಕರಡು ಪ್ರತಿಯನ್ನು ಗಂಡ ತಡವರಿಸುತ್ತ ಓದಿದರು. ಅತ್ತೆಯ ನಗು ನಿಂತಿತು. "ನನಗ ಒಪ್ಪಿಗಿ ಇಲ್ಲ" ಎಂದರು. "ಒಬ್ಬರು ಬ್ಯಾಡ ಅಂದ್ರೂ ಅಚ್ಚ ಹಾಕೂದಿಲ್ಲ ಅಂದಿಯಲ್ಲ? ನಿಮ್ಮತ್ತಿ ಬ್ಯಾಡ ಅಂತಾಳ ಅಂತ ಬರಿ. ಬಂದು ವಾಪಸ ಕೊಟ್ಟ ಹೋಗಲಿ."

ಕಾರ್ಡನ್ನು ಗಂಡನೇ ಬರೆದರು. ನನಗಾಗಿ ಗೆಳೆಯರನ್ನು ಕರೆಸಲು ಅತ್ತೆ ಹೂಡಿದ ಆಟವಿದು ಎಂದುಕೊಂಡು ನಾನು ಖುಷಿಯಲ್ಲಿದ್ದೆ.

ಮುಂದಿನ ಭಾನುವಾರ ಮೂವರೂ ಬಂದರು. ಅತ್ತೆ ಎಣ್ಣೆಗಾಯಿ ಪಲ್ಯ, ಸಿಹಿಗೆ ಮಾದಲಿ ಮಾಡಿಸಿದ್ದರು. ಸವದತ್ತಿಗೆ ಬಂದ ಕೆಲಸವೇ ಮರೆತುಹೋಯಿತು. ಊಟ ಮುಗಿದ ಮೇಲೆ ಚಚಡಿ ತನ್ನ ಗಾಂಭೀರ್ಯ ಬಿಡದೆ ಕೇಳಿದ: "ಅವ್ವಾರ, ನಿಮಗ್ಯಾಕ ಬ್ಯಾಡಾತು? ನಿಯಮದ ಪ್ರಕಾರ ಕಾರಣ ಹೇಳಬೇಕ್ರಿ."

ಅತ್ತೆ ರಾಟೆ ನಿಲ್ಲಿಸಿದರು.

"ಪದ್ಯ ಚಲೋ ಐತಿ ತಮ್ಮಾ. ಆದ್ರ ಅದರಾಗ ಮನಿ ಖಾಲಿ ಐತಿ ಅಂತ ಬರದಾಳ. ಮಾತಾಡಾಕ ಯಾರೂ ಇಲ್ಲಂತ. ಎದರಿಗೆ ದಿನಾ ನಾ ಕುಂತಿರತೇನಲ್ಲ." ಅವರು ನನ್ನ ಕಡೆ ನೋಡದೆ ಕಂಡಿಕೆಯನ್ನು ಬೆರಳಲ್ಲಿ ತಿರುಗಿಸಿದರು. "ಇಷ್ಟ ಕಲತಾಕಿ ಕೂಡ ನಾ ಏನ ಮಾತಾಡ್ಲಿ, ನಕ್ಕಾಳು ಅಂತ ಬಾಯಿ ಮುಚಗೊಂಡು ಕುಂತೆ. ನೀವು ಬಂದಾಗ ಆಕಿ ಮಾತಾಡೂದು ಕೇಳಿ ಕೇಳಿ, ನನಗೂ ಆಶಾ ಆಗತಿತ್ತು."

ನನಗೆ ಅತ್ತೆಯ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಗೆಳೆಯರು ಅಲ್ಲಿ ಕೂತಿದ್ದಾರೆ ಎಂಬುದೂ ಒಂದು ಕ್ಷಣ ಮರೆತುಹೋಯಿತು. ಚಚಡಿ ಜೇಬಿನಿಂದ ಕವಿತೆ ತೆಗೆದು, ಎದ್ದು ಬಂದು ನನ್ನ ಕೈಯಲ್ಲಿಟ್ಟ. "ಅವ್ವಾರು ಹೇಳಿದ್ದು ಬರೋಬ್ಬರಿ ಅದ. ಇದು ಅಚ್ಚಾಗೂದು ಬ್ಯಾಡ" ಎಂದ.

ಗೆಳೆಯರನ್ನು ಬಸ್ಸಿಗೆ ಹತ್ತಿಸಲು ಹೋದ ಗಂಡ ಇನ್ನೂ ಮರಳಿರಲಿಲ್ಲ. ನಾವಿಬ್ಬರೂ ಎಂದಿನಂತೆ ಎದುರು ಬದುರು ಕೂತೆವು. ರಾಟೆಗೆ ಕೈ ಹಚ್ಚುವ ಮೊದಲು ಅತ್ತೆ, "ಏನರ ಹೇಳವಾ" ಎಂದರು.

"ಮೊದಲ ನೀವ ಹೇಳ್ರಿ ಅತ್ತಿ."

ಅವರು ಸೆರಗು ಸರಿಮಾಡಿಕೊಂಡು, ತಾವು ಸೊಸೆಯಾಗಿ ಆ ಮನೆಯ ಹೊಸ್ತಿಲು ದಾಟಿದ ದಿನದಿಂದ ಶುರು ಮಾಡಿದರು.