ಕೀಲಿ ಟೆಗ್ವೆನ್ ಮತ್ತು ಅರ್ಧ ಹೆಸರಿನ ಕಲ್ಲು

ಬ್ರಿನ್ ಡೆರು ಊರಿನಲ್ಲಿ ಟೆಗ್ವೆನ್ ಹೆಸರಿನವರು ಇಬ್ಬರಿದ್ದುದರಿಂದ ಒಬ್ಬಳು ಹಾಲಿನ ಟೆಗ್ವೆನ್ ಆದಳು, ಇನ್ನೊಬ್ಬಳು, ಟೆಗ್ವೆನ್ ಪ್ಯೂ, ಕೀಲಿ ಟೆಗ್ವೆನ್. ಗುಡ್ಡದ ಮೇಲಿನ ಹಳೆಯ ಚರ್ಚಿನ ಕೀಲಿ ಅವಳ ಅಪ್ಪನ ಕಾಲದಿಂದಲೂ ಅವರ ಅಡುಗೆಮನೆಯ ಮೊಳೆಯಲ್ಲೇ ತೂಗುತ್ತಿತ್ತು. ಚರ್ಚು ನೋಡಬೇಕೆಂದವರು ಅವಳ ಬಾಗಿಲು ತಟ್ಟಬೇಕು. ಕುರಿಗಳು ಸವೆಸಿದ ಕಾಲುದಾರಿಯಲ್ಲಿ ಅವಳೇ ಮುಂದಾಗಿ ಹತ್ತುವಳು. ಎಪ್ಪತ್ತೊಂದು ವರ್ಷದ ತನ್ನ ಹಿಂದೆ ಪಟ್ಟಣದವರು ಏದುಸಿರು ಬಿಡುತ್ತ ಬರುವುದೆಂದರೆ ಅವಳಿಗೆ ಒಳಗೊಳಗೇ ಖುಷಿ.

ಚರ್ಚಿನೊಳಗೆ ಎದೆಮಟ್ಟದ ಒಂದು ಕಲ್ಲಿತ್ತು, ಚರ್ಚಿಗಿಂತಲೂ ಹಳೆಯದು. ಅದು ರಾಜನ ಗೋರಿಕಲ್ಲೆಂದು ಅಪ್ಪ ಹೇಳುತ್ತಿದ್ದ. ನಲವತ್ತು ವರ್ಷ ಅವಳೂ ಹಾಗೆಯೇ ಹೇಳಿದಳು.

ಕಳೆದ ಮೇ ತಿಂಗಳಲ್ಲಿ ಹಳೆಯ ಬರಹಗಳನ್ನು ಓದುವ ನೆಸ್ಟಾ ಎಂಬ ವಿದ್ವಾಂಸೆ ಬಂದಳು. ಕಲ್ಲಿಗೆ ಓರೆಯಾಗಿ ಟಾರ್ಚು ಹಿಡಿದು ಬಹಳ ಹೊತ್ತು ನೋಡಿದಳು.

"ಮಿಸೆಸ್ ಪ್ಯೂ, ಇದು ರಾಜಂದಲ್ಲ. ಯಾರೋ ಹುಡುಗೀದು. 'ತಾಯಿ ಈ ಕಲ್ಲು ನಿಲ್ಲಿಸಿದಳು' ಅಂತಿದೆ ನೋಡಿ. ಹೆಸರು 'ಮೆಲಿ' ಅಂತ ಶುರುವಾಗತ್ತೆ, ಮುಂದಿಂದು ಒಡೆದುಹೋಗಿದೆ."

"ಹಾಗಾದ್ರೆ ನಮ್ಮಪ್ಪ ಸುಳ್ಳು ಹೇಳಿದ್ರಾ?"

"ಇಲ್ಲಮ್ಮ, ಅವರು ಕೇಳಿದ್ದನ್ನ ಅವರು ಹೇಳಿದ್ರು." ನೆಸ್ಟಾ ಅವಳ ಬೆರಳು ಹಿಡಿದು ಗೀರುಗಳ ಮೇಲೆ ಮೆಲ್ಲಗೆ ಸರಿಸಿದಳು. ವಾರವಾರ ಒರೆಸುತ್ತಿದ್ದ ಕಲ್ಲು. ಆದರೂ ಅದರಲ್ಲಿ ಅಕ್ಷರಗಳು ಇಷ್ಟು ಆಳವಾಗಿವೆಯೆಂದು ಟೆಗ್ವೆನ್‌ಗೆ ಗೊತ್ತಿರಲಿಲ್ಲ.

ಒಂದು ವಾರ ಅವಳು ಯಾರಿಗೂ ಚರ್ಚು ತೆರೆಯಲಿಲ್ಲ. ಪಕ್ಕದ ಮನೆಯ ಕುರಿಗಾರ ಇದ್ವಲ್ ಬೇಲಿಯಾಚೆಯಿಂದ ಕೆಣಕಿದ: "ಏನೇ, ರಾಜ ಸತ್ತ ಅಂತ ಸೂತಕಾನಾ? ಸುಮ್ನೆ ರಾಜ ಅಂತಾನೇ ಹೇಳೇ. ಬಂದವರಿಗೇನು ಗೊತ್ತಾಗತ್ತೆ?"

"ನನಗೆ ಗೊತ್ತಲ್ವೇನೋ," ಎಂದಳು ಟೆಗ್ವೆನ್.

ಮರುದಿನ ದೂರದಿಂದ ಬಂದ ದಂಪತಿಗೆ ಅವಳು ಇದ್ದುದನ್ನು ಇದ್ದಂತೆ ಹೇಳಿದಳು. ಗಂಡನ ಮುಖ ಸಪ್ಪಗಾಯಿತು. "ಯಾರೋ ಸಾಮಾನ್ಯ ಹುಡುಗಿಗೋಸ್ಕರ ಇಷ್ಟು ದೂರ ಹತ್ತಿದ್ವಾ?"

"ನಾನೂ ಸಾಮಾನ್ಯ ಹೆಂಗಸೇ ಸ್ವಾಮಿ. ನಿಮ್ಮನ್ನ ಒಳಗೆ ಬಿಟ್ಟಿದ್ದು ನಾನೇ ತಾನೇ?"

ಹೆಂಡತಿ ನಕ್ಕುಬಿಟ್ಟಳು. ಆಮೇಲೆ ಕಲ್ಲಿನ ಮುಂದೆ ಮಂಡಿಯೂರಿ, ಟೆಗ್ವೆನ್ ತೋರಿಸಿಕೊಟ್ಟಂತೆ ಆ ಗೀರುಗಳ ಮೇಲೆ ಬೆರಳಾಡಿಸುತ್ತ ಕುಳಿತಳು. ರಾಜನ ಕಲ್ಲನ್ನು ಯಾರೂ ಹಾಗೆ ಮುಟ್ಟಿದ್ದನ್ನು ಟೆಗ್ವೆನ್ ಕಂಡಿರಲಿಲ್ಲ.

ನವೆಂಬರಿನಲ್ಲಿ, ಊರಿನ ಸತ್ತವರ ಹೆಸರುಗಳನ್ನು ಓದುವ ಭಾನುವಾರಕ್ಕೆ ಮುಂಚೆ, ಅವಳು ಪಾದ್ರಿಯ ಬಳಿ ಹೋಗಿ ಪಟ್ಟಿಗೆ ಇನ್ನೊಂದು ಹೆಸರು ಸೇರಿಸುವಂತೆ ಕೇಳಿದಳು.

"ಅರ್ಧ ಹೆಸರು ಹೇಗಮ್ಮ ಓದೋದು?"

"ಇರೋಷ್ಟು ಓದಿ."

ಆ ಭಾನುವಾರ ಪಾದ್ರಿ ಎಲ್ಲ ಹೆಸರುಗಳನ್ನೂ ಓದಿದರು. ಕೊನೆಗೆ "ಮೆಲಿ" ಎಂದು ನಿಲ್ಲಿಸಿದರು. ಹನ್ನೊಂದು ಜನರಿದ್ದ ಆ ಚರ್ಚಿನಲ್ಲಿ, ಬಾಕಿ ಅಕ್ಷರಗಳಿಗೆ ಕಾಯುವವರಂತೆ ಎಲ್ಲರೂ ತಲೆ ಎತ್ತದೆ ನಿಂತಿದ್ದರು, ಇದ್ವಲ್ ಕೂಡ.