ಮುಚ್ಚಿದ ಕೋಣೆಯಲ್ಲಿ ನಮ್ಮತ್ತೆ

ನಮ್ಮತ್ತೆಯ ಕುಪ್ಪಸ ಎಡ ಎದೆಯ ಬಳಿ ಮಾತ್ರ ಬೇಗ ಸವೆಯುತ್ತಿತ್ತು. ಕೊರಳಿಂದ ಇಳಿಬಿದ್ದ ಬೆಳ್ಳಿಯ ಕರಡಿಗೆ, ಅದರೊಳಗಿನ ಇಷ್ಟಲಿಂಗ, ರೊಟ್ಟಿ ಬಡಿಯುವಾಗಲೂ ಅಲ್ಲೇ ಆಡುತ್ತಿತ್ತು. ಔರಾದದ ತವರು, ಭಾಲ್ಕಿಯ ಗಂಡನ ಮನೆ, ಎಳೆ ವಯಸ್ಸಿನ ವೈಧವ್ಯ. ಮಾತು ಕಡಿಮೆ, ಆಡಿದರೆ ಖಡಕ್ಕು. ನಾನೋ ವಟವಟ ಅನ್ನುವವಳು. "ನಿನ್ನ ಬಾಯಿಗಿ ಸೂಟಿನ ಇಲ್ಲೇನ ಹುಡುಗಿ?" ಎಂದು, ಬಾಯಿಗೊಂದು ರಜೆ ಕೊಡು ಎನ್ನುವಂತೆ, ರೇಗಿಸುತ್ತಿದ್ದರು.

ನಿಜಾಮರ ಕಾಲ. ಕರಡಿಗೆಯ ಕೆಳಗೇ ಒಂದು ಗಂಟು ಬೆಳೆಯಿತು. ಬೀದರಿನ ಹಕೀಮರ ಲೇಪ ನಾಟಲಿಲ್ಲ. ಹೈದರಾಬಾದಿನ ದವಾಖಾನೆಯ ಡಾಕ್ಟರಮ್ಮ ಮೊಲೆ ಉಳಿಸಿ ಗಂಟನ್ನಷ್ಟೇ ತೆಗೆದರು. ಕಣ್ಣಿಗೆ ಕಾಣದ್ದು ಒಳಗೆ ಉಳಿದಿದ್ದರೆ ಮತ್ತೆ ಬೆಳೆಯುತ್ತದೆ, ಗಾಯ ಮಾಯ್ದ ಮೇಲೆ ಬಂದು ಕಿರಣ ಕೊಡಿಸಿಕೊಳ್ಳಲೇಬೇಕು ಎಂದರು.

ಗಾಯ ಮಾಯಿತು. ಅತ್ತೆ ಹೊರಡಲೊಲ್ಲರು. ಕಿರಣವೆಂದರೆ ಅವರ ಬಾಯಲ್ಲಿ ಬಿಜಲಿ, ಕರೆಂಟು. "ಗಂಟ ಹೋತಲ್ಲ, ಮತ್ಯಾಕ ಬಿಜಲಿ?" ನನ್ನ ಗಂಡ ಬೇಡಿಕೊಂಡರು, ಗದರಿದರು. ಊಹುಂ! ಕೊನೆಗೆ ನಾನೇ ಒಲೆಯ ಮುಂದೆ ಹಿಡಿದು ಕೂರಿಸಿ ಕೇಳಿದೆ.

"ಎದಿ ಮ್ಯಾಲ ಏನೂ ಇರಬಾರದಂತ. ಡಾಕ್ಟರಮ್ಮ ತಗದಿಟ್ಟು ಬಾ ಅಂದಾರ. ಲಿಂಗ ಬಿಟ್ಟು ಹ್ಯಾಂಗ ಇರ್ಲಿ? ಬಿಜಲಿ ಕೊಡೋ ಖೋಲ್ಯಾಗಿಂದ ಎಲ್ಲಾರೂ ಹೊರಗ ಹೋಗ್ತಾರ, ಬಾಗಿಲಾ ಹಾಕ್ತಾರ. ನನ್ನ ಕೂಡ ಇರಾಂವ ಇವ ಒಬ್ಬನ."

 ನನ್ನ ಬಾಯಿ ಸುಮ್ಮನಿರುತ್ತದೆಯೇ? "ಅತ್ತಿಯವರ, ದಿನಾ ಪೂಜಾ ಮಾಡುವಾಗ ಅಂಗೈಯಾಗ ಇಟ್ಕೊತೀರಲ್ರೀ. ಅಲ್ಲೀನೂ ಹಂಗ ಹಿಡೀರಿ. ಎದಿ ಬಿಟ್ಟರ ಮೈ ಬಿಟ್ಟಂಗ ಆಗಂಗಿಲ್ರೀ."

ಹೋದೆವು. ನನ್ನ ಹರಕು ಉರ್ದುವಿನಲ್ಲೇ ಡಾಕ್ಟರಮ್ಮನನ್ನು ಕೇಳಿದೆ. ಕರಡಿಗೆ ಬೇಡ, ಲಿಂಗ ಹಿಡಿದ ಕೈಯನ್ನು ದೂರ ಚಾಚಿ ಮಲಗಲಿ ಎಂದರು. ಪ್ರತಿ ಸಲವೂ ಅತ್ತೆ ಮುಷ್ಟಿ ಬಿಗಿದು ಒಳಗೆ ಹೋಗುತ್ತಿದ್ದರು, ನಾನು ಬಾಗಿಲಾಚೆ ನಿಲ್ಲುತ್ತಿದ್ದೆ. ಹೊರಬಂದಾಗ "ಉರೀತದೇನ್ರಿ?" ಎಂದರೆ, "ಏನೂ ಇಲ್ಲ, ನಡಿ" ಅಷ್ಟೇ.

ಭಾಲ್ಕಿಗೆ ಮರಳಿದರೆ, ಬಿಜಲಿ ಇನ್ನೂ ಮೈಯಲ್ಲಿದೆಯೆಂದು ಓಣಿಯ ಹೆಂಗಸರು ಹತ್ತಿರ ಕೂರಲಿಲ್ಲ. ಸುಡಲಿ ಅವರ ಹೆದರಿಕೆ! ಅತ್ತೆ ತಾವಾಗಿಯೇ ಕಟ್ಟೆಯ ತುದಿಗೆ ಸರಿದು ಕೂರತೊಡಗಿದರು. ನಾನು ಹಡೆದಾಗ ಕೂಸನ್ನು ಮುಟ್ಟಲೂ ಹಿಂಜರಿದರು. "ನಿಮ್ಮ ಮೊಮ್ಮಗಳ್ರೀ, ಹಿಡೀರಿ" ಎಂದು ಮಡಿಲಿಗೇ ಹಾಕಿದೆ. ಗಂಟು ಮತ್ತೆ ಬರಲಿಲ್ಲ. ನನ್ನ ಮಕ್ಕಳನ್ನೆಲ್ಲ ಎರೆದು ಬೆಳೆಸಿದವರು ಅವರೇ.

ಎಷ್ಟೋ ವರ್ಷಗಳ ಮೇಲೆ ಜ್ವರ ಬಂದು ತೀರಿಕೊಂಡರು. ಮೈ ತೊಳೆಯಲು ಸೆರಗು ಸರಿಸಿದೆ. ಯಾರಿಗೂ ತೋರಿಸದ ಆ ಎದೆಯ ಚರ್ಮ ಕಮರಿ, ಕಪ್ಪಾಗಿ, ಗಟ್ಟಿಯಾಗಿತ್ತು. ಉರಿದಿತ್ತು, ಬಹಳ ಉರಿದಿತ್ತು. ಬಾಗಿಲಾಚೆಯೇ ನಿಂತಿದ್ದ ನನಗೂ ಹೇಳಿರಲಿಲ್ಲ.